ತಿಂತೊ, ಬೆಲ್ಲ, ‘ಸುಮೆರ್ಸೆ’: ಶಿರಸಿಯ ಕೊಲಂಬಿಯಾ ಕವಿತೆ–ಮಾತುಕತೆ ಸರಣಿ ಹೇಗಿದೆ?

ಶಿರಸಿಯ ದೇವಿಕೆರೆ ಸಮೀಪದ ಹಳೇ ಮನೆಯೊಂದರ ಮಾಳಿಗೆಯಲ್ಲಿ ಆರು ಭಾನುವಾರ ನಡೆಯುವ ಕೂಟ ಇದು. ಕೊಲಂಬಿಯಾದ ಕವಿತೆ ಓದುವುದು, ಆಮೇಲೆ ಅದೇ ದೇಶದವರ ಜೊತೆ ವಿಡಿಯೊದಲ್ಲಿ ಮಾತಿಗೆ ಕೂರುವುದು, ಇಷ್ಟೇ ಕಾರ್ಯಕ್ರಮ. ಶುಲ್ಕ ತಲೆಗೆ 1,800 ರೂಪಾಯಿ. 72 ಪುಟದ ಪುಸ್ತಿಕೆ, ವಾರವಾರದ ಕಾಫಿ, ಕುರುಕಲು ಎಲ್ಲ ಅದರಲ್ಲೇ ಬಂತು. ಜಾಗ 16 ಜನಕ್ಕೆ. ಸ್ಪ್ಯಾನಿಶ್ ಬರಬೇಕೆಂದಿಲ್ಲ, ಪುಸ್ತಿಕೆಯಲ್ಲಿ ಮೂಲ, ಕನ್ನಡ ಲಿಪಿಯಲ್ಲಿ ಅದರ ಉಚ್ಚಾರ, ಕನ್ನಡ ಅನುವಾದ ಮೂರೂ ಅಕ್ಕಪಕ್ಕದಲ್ಲಿವೆ.

ತೀರ್ಪು ಮೊದಲೇ ಹೇಳುತ್ತೇವೆ. ಮಾತುಕತೆಯ ಭಾಗ ಕೊಟ್ಟ ದುಡ್ಡಿಗಿಂತ ದೊಡ್ಡದು. ಪುಸ್ತಿಕೆಯ ಅನುವಾದ ಇನ್ನೂ ಬೇಯಬೇಕು. ಎರಡಕ್ಕೂ ಕಾರಣ ಒಂದೇ: ಅನುವಾದ ಇಂಗ್ಲಿಷಿನ ಬಾಗಿಲಿನಿಂದ ಒಳಬಂದಿದೆ, ಮಾತುಕತೆ ಅಲ್ಲಿನವರ ಬಾಯಿಂದಲೇ ಬಂದಿದೆ. ಹಾಗೆ ಬರುವಾಗ ಹೊಸ್ತಿಲಲ್ಲೇ ಬಿದ್ದುಹೋದದ್ದು ಏನೆಂದರೆ, ಒಬ್ಬರು ಇನ್ನೊಬ್ಬರನ್ನು ಕರೆಯುವ ರೀತಿ.

ಇಂಗ್ಲಿಷಿನಲ್ಲಿ ಎದುರಿಗಿದ್ದವರಿಗೆ ಇರುವುದು ಒಂದೇ ಪದ. ಕನ್ನಡದಲ್ಲಿ ನೀನು, ನೀವು, ತಾವು. ಕೊಲಂಬಿಯಾದ ಸ್ಪ್ಯಾನಿಶಿನಲ್ಲಿ ‘ತೂ’, ‘ಬೊಸ್’, ‘ಉಸ್ತೆದ್’, ಅದರ ಮೇಲೆ ‘ಸುಮೆರ್ಸೆ’. ಶಾಲೆಯ ವ್ಯಾಕರಣ ತೂ ಎಂದರೆ ನೀನು, ಉಸ್ತೆದ್ ಎಂದರೆ ನೀವು ಎಂದು ಹೇಳಿ ಮುಗಿಸುತ್ತದೆ. ರಾಜಧಾನಿ ಬೊಗೊತಾದಲ್ಲಿ, ಅದರ ಉತ್ತರದ ಬೊಯಕಾ ಸೀಮೆಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಅಲ್ಲಿ ಗೆಳೆಯರು ಪರಸ್ಪರ ಉಸ್ತೆದ್ ಅನ್ನುತ್ತಾರೆ, ಅಣ್ಣತಮ್ಮಂದಿರು ಅನ್ನುತ್ತಾರೆ, ಎಷ್ಟೋ ಮನೆಗಳಲ್ಲಿ ಗಂಡಹೆಂಡಿರೂ ಅನ್ನುತ್ತಾರೆ. ಅದೇ ಪದ ಬ್ಯಾಂಕಿನ ಕಿಟಕಿಯ ಮುಂದೆ ದೂರ, ಅಡುಗೆಮನೆಯಲ್ಲಿ ಹತ್ತಿರ. ಮೆದೆಯೀನ್ ಕಡೆಯ ಪಾಯ್ಸಾ ಜನರಿಗೆ, ಕಾಲಿ ನಗರದವರಿಗೆ ಸಲಿಗೆಯ ಪದ ಬೊಸ್. ಕೆರಿಬಿಯನ್ ಕರಾವಳಿಯವರು ಪರಿಚಯವಾದ ಎರಡನೇ ನಿಮಿಷಕ್ಕೇ ತೂ ಅನ್ನುತ್ತಾರೆ, ಮೇಲಿನ ಬೆಟ್ಟದವರು ಅದಕ್ಕೆ ಬೆಚ್ಚುತ್ತಾರೆ.

ಪುಸ್ತಿಕೆಯ ಅನುವಾದಕರಿಗೆ ಸಿಕ್ಕಿದ್ದು ಇಂಗ್ಲಿಷಿನ ಒಂದೇ ಪದವಾದ್ದರಿಂದ, ಎಲ್ಲಿ ನೀನು ಎಲ್ಲಿ ನೀವು ಎಂಬುದನ್ನು ಅಂದಾಜಿನ ಮೇಲೆ ಹಾಕಿದ್ದಾರೆ. ಮೊದಲ ವಾರದ ಮೂರು ಕವಿತೆಗಳಲ್ಲಿ ಎರಡರಲ್ಲಿ ಅಂದಾಜು ತಪ್ಪಿದೆ. ತಾಯಿಯ ಜೊತೆ ಮಾತಾಡುವ ಕವಿತೆಯಲ್ಲಿ ಮೂಲದಲ್ಲಿ ಉಸ್ತೆದ್ ಇದೆ, ಕನ್ನಡದಲ್ಲಿ ‘ನೀನು’ ಬಂದಿದೆ. ನಮ್ಮಲ್ಲಿ ದೇವರಿಗೂ ಅವ್ವನಿಗೂ ನೀನು ಎನ್ನುವುದರಿಂದ ಓದಲು ಹಿತವಾಗಿಯೇ ಇದೆ. ಆದರೆ ಗೌರವ ಕೊಟ್ಟುಕೊಂಡೇ ತೊಡೆಯ ಮೇಲೆ ಕೂರುವ ಆ ಬೊಯಕಾದ ಮಗು ಕಾಣೆಯಾಗಿದೆ. ಇದಕ್ಕೆ ಪರಿಹಾರ ಸುಲಭ: ಪ್ರತಿ ಕವಿತೆಯ ತಲೆಯ ಮೇಲೆ ‘ಮೂಲದಲ್ಲಿ ಉಸ್ತೆದ್’ ಅಥವಾ ‘ಮೂಲದಲ್ಲಿ ತೂ’ ಎಂದು ಒಂದು ಸಾಲು ಬರೆದರೆ ಸಾಕು. ಸ್ಪ್ಯಾನಿಶ್ ಕ್ರಿಯಾಪದದ ತುದಿ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ‘ತಿಯೆನೆಸ್’ ಎಂದು ಸಕಾರದಲ್ಲಿ ಮುಗಿದರೆ ತೂ, ‘ತಿಯೆನೆ’ ಎಂದು ನಿಂತರೆ ಉಸ್ತೆದ್, ‘ತೆನೇಸ್’ ಎಂದು ಒತ್ತು ಕೊನೆಗೆ ಜಾರಿದರೆ ಬೊಸ್.

ಮಾತುಕತೆಗೆ ಪರದೆಯ ಮೇಲೆ ಬರುವವರು ಇಬ್ಬರು: ಒಬ್ಬರು ಬೊಯಕಾದ ನಿವೃತ್ತ ಶಿಕ್ಷಕಿ, ಇನ್ನೊಬ್ಬರು ಕೆರಿಬಿಯನ್ ಕರಾವಳಿಯ ಕಾರ್ತಾಹೇನಾದ ಗ್ರಂಥಾಲಯ ನೌಕರ. ಸುಮೆರ್ಸೆಯ ಚರ್ಚೆ ಈ ಶಿಕ್ಷಕಿಯಿಂದ ಶುರುವಾಗುತ್ತದೆ, ಇಡೀ ಸರಣಿಯಲ್ಲಿ ಅದೇ ಅತ್ಯುತ್ತಮ ಅರ್ಧ ಗಂಟೆ. ‘ಸು ಮೆರ್ಸೆದ್’ ಎಂದರೆ ‘ತಮ್ಮ ಕೃಪೆ’. ವಸಾಹತು ಕಾಲದಲ್ಲಿ ಆಳು ಧಣಿಗೆ ಹೇಳುತ್ತಿದ್ದ ಮಾತು. ಇವತ್ತು ಬೊಯಕಾದ ಸಂತೆಯಲ್ಲಿ ಆಲೂಗಡ್ಡೆ ಮಾರುವಾಕೆ ಗಿರಾಕಿಗೆ, ಅಜ್ಜಿ ಮೊಮ್ಮಗುವಿಗೆ, ಮಗ ತಾಯಿಗೆ ಅದನ್ನೇ ಹೇಳುತ್ತಾರೆ. ಆಳಿನ ಮಾತು ಅಕ್ಕರೆಯ ಮಾತಾಗಿದೆ. ಇದನ್ನು ಕೇಳಿದ ಮೇಲೆ ನಮ್ಮ ಕರಾವಳಿಯವರಿಗೆ ‘ಒಡೆಯಾ’ ನೆನಪಾಗದೆ ಇರದು. ಗೇಣಿಯ ಕಾಲದಲ್ಲಿ ಒಕ್ಕಲು ಭೂಮಾಲೀಕನನ್ನು ಕರೆಯುತ್ತಿದ್ದ ಆ ಪದ ಅಕ್ಕರೆಯ ಕಡೆಗೆ ಹೋಗಲಿಲ್ಲ. ಅಂಕೋಲಾದ ರೈತ ಚಳವಳಿಗಳಿಂದ 1974ರ ಭೂಸುಧಾರಣೆಯವರೆಗೆ ನಡೆದುಬಂದು ‘ಉಳುವವನೇ ಒಡೆಯ’ ಎಂದು ಹಕ್ಕಿನ ಪದವಾಯಿತು. ಎರಡು ಊರು, ಒಂದೇ ಬಗೆಯ ಪದ, ಬೇರೆ ಬೇರೆ ದಾರಿ. ಕೊಲಂಬಿಯಾದ ಗುರುತು ಏನು ಎಂಬ ಪ್ರಶ್ನೆಗೆ ಭೂಪಟಕ್ಕಿಂತ ಇದು ಹೆಚ್ಚು ಉತ್ತರ ಕೊಡುತ್ತದೆ.

ಎರಡನೇ ವಾರದ ವಿಷಯ ಅಂಗಡಿಯ ಭಾಷೆ. ಕವಿತೆ ಕಡಿಮೆ, ಬಾಯಿಪಾಠದ ಆಟ ಹೆಚ್ಚು. ಗೂಡಂಗಡಿಗೆ ಹೋಗಿ ಕಾಫಿ ಕೇಳುವಾಗ ಅಲ್ಲಿನವರು ‘ಮೆ ರೆಗಾಲಾ ಉನ್ ತಿಂತೊ’ ಅನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ನೋಡಿದರೆ ‘ನನಗೊಂದು ಕಾಫಿ ಉಡುಗೊರೆ ಕೊಡುತ್ತೀರಾ’. ದುಡ್ಡು ಕೊಟ್ಟೇ ಕುಡಿಯುತ್ತಾರೆ. ಬೇರೆ ಸ್ಪ್ಯಾನಿಶ್ ದೇಶದವರು ಇದನ್ನು ಕೇಳಿ ನಗುತ್ತಾರೆ. ತಿಂತೊ ಎಂದರೆ ಸಣ್ಣ ಲೋಟದ ಕರಿ ಕಾಫಿ. ಸ್ಪೇನಿನಲ್ಲಿ ಅದೇ ಪದಕ್ಕೆ ಕೆಂಪು ವೈನ್ ಬರುತ್ತದೆ. ಅಂಗಡಿಯವನು ‘ಆ ಲಾ ಓರ್ದೆನ್’ ಎಂದು ಸ್ವಾಗತಿಸುತ್ತಾನೆ, ‘ಅಪ್ಪಣೆಯಾಗಲಿ’ ಎಂಬ ಹಾಗೆ. ದಾರಿ ಬಿಡಿ ಎನ್ನಲು, ತಡವಾಯಿತು ಎನ್ನಲು, ಬೇಡ ಎನ್ನಲು ಎಲ್ಲಕ್ಕೂ ‘ಕೆ ಪೇನಾ’, ‘ಎಂಥ ನಾಚಿಕೆ’ ಎಂಬ ಒಂದೇ ಮಾತು. ತೂಕ ಮುಗಿದ ಮೇಲೆ ಮೇಲಿಂದ ಕೊಡುವ ಎರಡು ಹಣ್ಣಿಗೆ ಕರಾವಳಿಯಲ್ಲಿ ‘ಞಾಪಾ’ ಎನ್ನುತ್ತಾರೆ. ಇದು ಆಂಡೀಸ್ ಮೂಲನಿವಾಸಿಗಳ ಕೆಚುವಾ ಭಾಷೆಯಿಂದ ಬಂದ ಪದ. ಪುಸ್ತಿಕೆ ಇದನ್ನು ‘ಹೆಚ್ಚುವರಿ ಕೊಡುಗೆ’ ಮಾಡಿದೆ. ‘ಕೊಸರು’ ಎಂಬ ಪದ ಮನೆಯಲ್ಲೇ ಇರುವಾಗ ಇದು ಬೇಡವಿತ್ತು. ಅಲ್ಲಿನ ಅಂಗಡಿಗಳಲ್ಲಿ ತೂಗುಹಾಕುವ ‘ಓಯ್ ನೊ ಫೀಯೊ, ಮಞಾನಾ ಸೀ’ ಫಲಕಕ್ಕಾದರೂ ಸರಿಯಾಗಿ ‘ಇಂದು ನಗದು, ನಾಳೆ ಉದ್ರಿ’ ಎಂದೇ ಬರೆದಿದ್ದಾರೆ.

ಗಾದೆಗಳಲ್ಲಿ ಎಲ್ಲರ ಬಾಯಲ್ಲಿ ನಿಲ್ಲುವುದು ‘ನೊ ದಾರ್ ಪಪಾಯಾ’. ‘ಪಪ್ಪಾಯಿ ಕೊಡಬೇಡ’ ಎಂದರೆ ಮೋಸ ಮಾಡಲು, ಕದಿಯಲು ನೀನಾಗಿ ಎಡೆಮಾಡಿಕೊಡಬೇಡ ಎಂದು. ಫೋನು ಕೈಯಲ್ಲಿ ಹಿಡಿದು ಬಸ್ಸಿನ ಕಿಟಕಿಯಲ್ಲಿ ಕೂತರೆ ಪಪ್ಪಾಯಿ ಕೊಟ್ಟಂತೆ. ಈ ಮಾತಿನ ಹಿಂದೆ ದಶಕಗಳ ಅಭದ್ರತೆ ಇದೆ, ತಪ್ಪನ್ನು ಕಳೆದುಕೊಂಡವರ ತಲೆಗೇ ಕಟ್ಟುವ ಅಭ್ಯಾಸವೂ ಇದೆ. ಶಿಕ್ಷಕಿಗೆ ಈ ಗಾದೆ ಇಷ್ಟವಿಲ್ಲ, ಗ್ರಂಥಾಲಯದವರಿಗೆ ದಿನಬಳಕೆ. ಇಬ್ಬರೂ ಅದರ ಮೇಲೆ ನಮ್ಮೆದುರೇ ವಾದ ಮಾಡಿದ್ದು ಯಾವ ಪಠ್ಯಕ್ಕೂ ಸಿಗದ ಪಾಠ.

ಈ ಇಬ್ಬರನ್ನು ಜೋಡಿಯಾಗಿ ಆರಿಸಿದ್ದು ಆಯೋಜಕರ ಜಾಣತನ. ಆಂಡೀಸ್ ಪರ್ವತ ಕೊಲಂಬಿಯಾದೊಳಗೆ ಬಂದು ಮೂರು ಸಾಲಾಗಿ ಒಡೆಯುತ್ತದೆ. ಒಂದು ಕಣಿವೆಯವರಿಗೆ ಪಕ್ಕದ ಕಣಿವೆ ದೂರ. ಬೊಗೊತಾ ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಮೇಲೆ, ಕಾರ್ತಾಹೇನಾ ಸಮುದ್ರದ ಬಾಯಲ್ಲೇ. ಕರಾವಳಿಯವರು ಮೇಲಿನವರನ್ನು ‘ಕಚಾಕೊ’ ಎನ್ನುತ್ತಾರೆ, ಸ್ವಲ್ಪ ಬಿಗುಮಾನದವರು ಎಂಬ ಧ್ವನಿಯಲ್ಲಿ. ಮೇಲಿನವರು ಕೆಳಗಿನವರನ್ನು ‘ಕೊಸ್ತೇಞೊ’ ಎಂದು, ಗದ್ದಲದವರು ಎಂಬ ಧ್ವನಿಯಲ್ಲಿ ಕರೆಯುತ್ತಾರೆ. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಊಟದಿಂದ ಮದುವೆಯವರೆಗೆ ಲೆಕ್ಕ ಹಾಕುವ ಜಿಲ್ಲೆಯವರಿಗೆ ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ.

ಈಗ ಕವಿತೆಗೆ. ಮೂರನೇ ವಾರದ ಕವಿ ಕಾಂದೆಲಾರಿಯೊ ಒಬೆಸೊ, 1849ರಿಂದ 1884. ಮಗ್ದಲೇನಾ ನದಿಯ ದಂಡೆಯ ಮೊಂಪೋಸ್ ಊರಿನ ಕಪ್ಪು ಕವಿ. ಈ ನದಿ 1,500 ಕಿಲೊಮೀಟರಿಗೂ ಉದ್ದ. ರೈಲು ರಸ್ತೆಗೆ ಮುಂಚೆ ದೇಶದ ಒಳನಾಡಿಗೆ ಇದೇ ಹೆದ್ದಾರಿ. ಅದರ ಮೇಲೆ ದೋಣಿ ನಡೆಸುತ್ತಿದ್ದವರು ‘ಬೋಗಾ’ಗಳು, ಹೆಚ್ಚಿನವರು ಆಫ್ರಿಕನ್ ಮೂಲದವರು ಅಥವಾ ಬೆರಕೆ ರಕ್ತದವರು. ಒಬೆಸೊ 1877ರಲ್ಲಿ ಅವರ ಹಾಡನ್ನು ಅವರ ಬಾಯಿಯ ಕಾಗುಣಿತದಲ್ಲೇ ಅಚ್ಚು ಹಾಕಿಸಿದರು: ಕೊನೆಯ ಸಕಾರ ಹಾರಿಹೋದದ್ದು, ಲಕಾರ ರಕಾರವಾದದ್ದು ಎಲ್ಲ ಹಾಗೆಯೇ. ವ್ಯಾಕರಣವೇ ದೇಶಭಕ್ತಿ ಎಂದುಕೊಂಡಿದ್ದ ಬೊಗೊತಾದಲ್ಲಿ ಇದು ಸಣ್ಣ ಧೈರ್ಯವಲ್ಲ.

ಇಂಥ ಕವಿತೆಗೆ ಪುಸ್ತಿಕೆ ಕೊಟ್ಟ ಕನ್ನಡ ನಭ, ತಾರೆ, ವಿರಹ, ನಾವೆ. ಬೋಗಾ ಇಲ್ಲಿ ಪಂಡಿತನಾಗಿಬಿಟ್ಟ. ತಪ್ಪು ಅನುವಾದಕರ ಆಲಸ್ಯದಿಂದ ಬಂದದ್ದಲ್ಲ. ಇಂಗ್ಲಿಷ್ ಪಾಠದಲ್ಲಿ ಕಾಗುಣಿತದ ವ್ಯತ್ಯಾಸ ಕಾಣುವುದೇ ಇಲ್ಲ, ಆದ್ದರಿಂದ ಬದಲಾಯಿಸಬೇಕೆಂದು ಹೊಳೆಯುವುದೂ ಇಲ್ಲ. ಇಲ್ಲಿ ಕೂಟ ತನ್ನ ಪುಸ್ತಿಕೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಮೂಲದ ಧ್ವನಿಮುದ್ರಿಕೆ ಮೂರು ಸಲ ಕೇಳಿಸಿ, ಪದಾರ್ಥದ ಪಟ್ಟಿ ಕೊಟ್ಟು, ಅವರವರ ಮನೆಮಾತಿಗೆ ತರಲು ಹೇಳುತ್ತಾರೆ. ತದಡಿ–ಅಘನಾಶಿನಿ ನಡುವೆ ದೋಣಿ ದಾಟಿಸುವವರ ಮಾತಿನಲ್ಲಿ ಬಂದ ಪಾಠ, ಹಾಲಕ್ಕಿ ಮಾತಿನಲ್ಲಿ ಬಂದ ಪಾಠ ಎರಡೂ ಅಚ್ಚಿನ ಅನುವಾದವನ್ನು ಹಿಂದೆ ಹಾಕಿದವು. ಹವ್ಯಕ ಕನ್ನಡದ ಪಾಠ ಅಷ್ಟು ಹೊಂದಲಿಲ್ಲ. ಅದರ ಲಯ ಜಗಲಿಯದು, ಹೊಳೆಯದಲ್ಲ. ಈ ಅಭ್ಯಾಸಕ್ಕೆ 40 ನಿಮಿಷ ಕೊಟ್ಟಿದ್ದಾರೆ, ಒಂದು ಗಂಟೆಯಾದರೂ ಬೇಕು. ಮುಂದಿನ ತಂಡಕ್ಕೆ ಪುಸ್ತಿಕೆ ಮರುಮುದ್ರಣ ಮಾಡುವುದಾದರೆ ಈ ಪಾಠಗಳನ್ನೇ ಹಾಕಲಿ.

ಛಂದಸ್ಸಿನ ಪಾಠವೂ ಅದೇ ವಾರ. ನಮ್ಮದು ಲಘು–ಗುರು, ಮಾತ್ರೆ. ಸ್ಪ್ಯಾನಿಶಿನದು ಉಚ್ಚಾರದ ಅಕ್ಷರಗಳ ಎಣಿಕೆ. ಎಣಿಸುವಾಗ ಎರಡು ನಿಯಮ ಮರೆತರೆ ಎಲ್ಲ ಕೆಡುತ್ತದೆ. ಮೊದಲನೆಯದು, ಒಂದು ಪದದ ಕೊನೆಯ ಸ್ವರ, ಮುಂದಿನ ಪದದ ಮೊದಲ ಸ್ವರ ಸೇರಿ ಒಂದೇ ಆಗುತ್ತವೆ. ‘ಲಾ ಕಾಸಾ ಎಸ್ತಾ ಅಬ್ಯೆರ್ತಾ’, ಅಂದರೆ ‘ಮನೆ ತೆರೆದಿದೆ’, ಪದ ಬಿಡಿಸಿ ಎಣಿಸಿದರೆ ಎಂಟು, ಉಸಿರಿನಲ್ಲಿ ಆರು. ನಮ್ಮ ಸಂಧಿಯ ಹಾಗೆ, ಬರವಣಿಗೆಯಲ್ಲಿ ಮಾತ್ರ ತೋರಿಸುವುದಿಲ್ಲ. ಎರಡನೆಯದು, ಸಾಲಿನ ಕೊನೆಯ ಪದದ ಒತ್ತು ಕೊನೆಯ ಅಕ್ಷರದ ಮೇಲಿದ್ದರೆ ಒಂದು ಕೂಡಿಸಬೇಕು, ಹಿಂದಿನಿಂದ ಮೂರನೆಯದರ ಮೇಲಿದ್ದರೆ ಒಂದು ಕಳೆಯಬೇಕು. ಪುಸ್ತಿಕೆಯಲ್ಲಿ ಎರಡನೇ ನಿಯಮ ಇದೆ, ಮೊದಲನೆಯದು ಬಿಟ್ಟುಹೋಗಿದೆ. ಹಾಗಾಗಿ ಅಭ್ಯಾಸದಲ್ಲಿ ಎಲ್ಲರ ಲೆಕ್ಕವೂ ಎರಡು ಮೂರು ಹೆಚ್ಚು ಬರುತ್ತದೆ.

ಮೆದೆಯೀನ್ ಇರುವ ಆಂತಿಯೋಕಿಯಾ ಸೀಮೆಯಲ್ಲಿ ‘ತ್ರೋಬಾ’ ಎಂಬ ಆಶುಕವಿತೆಯ ಜಿದ್ದು ಇದೆ: ನಾಲ್ಕು ಸಾಲು, ಸಾಲಿಗೆ ಎಂಟು ಅಕ್ಷರ, ಒಬ್ಬ ಹಾಡಿ ಕೆಣಕಿದ್ದಕ್ಕೆ ಇನ್ನೊಬ್ಬ ತಕ್ಷಣ ಹಾಡಿ ಉತ್ತರಿಸಬೇಕು. ವಯ್ಯೆದುಪಾರ್ ಕಡೆಯ ವಯ್ಯೆನಾತೊ ಹಾಡಿನಲ್ಲಿ ಇದಕ್ಕೆ ‘ಪಿಕೆರೀಯಾ’ ಎಂದು ಹೆಸರು, ಜೊತೆಗೆ ಅಕಾರ್ಡಿಯನ್, ಕಾಹಾ ಚಂಡೆ, ಗ್ವಾಚರಾಕಾ ಎಂಬ ಗೀರಿ ನುಡಿಸುವ ವಾದ್ಯ. ದಿನಕರ ದೇಸಾಯಿಯವರ ಚುಟುಕಗಳ ಮೇಲೆ ಬೆಳೆದ, ತಾಳಮದ್ದಲೆಯ ಅರ್ಥಗಾರಿಕೆಯ ಚಕಮಕಿ ಕೇಳಿದ ಜಿಲ್ಲೆಗೆ ಇದನ್ನು ಕಲಿಸಬೇಕಾದ್ದಿಲ್ಲ. ಆದರೆ ಕನ್ನಡದಲ್ಲಿ ಬರೀ ಎಂಟು ಅಕ್ಷರ ಎಣಿಸಿ ಕಟ್ಟಿದರೆ ಕುಂಟುತ್ತದೆ. ಅನುಷ್ಟುಪ್ ಶ್ಲೋಕ ಬಾಯಿಗೆ ಬಂದವರು ಎಂಟನ್ನು ಸಲೀಸಾಗಿ ಹಿಡಿಯುತ್ತಾರೆ, ಉಳಿದವರು ನಾಲ್ಕು ಮಾತ್ರೆಯ ಗಣ ಸಾಲಿಗೆ ನಾಲ್ಕು ಇಟ್ಟುಕೊಂಡು ಅಂತ್ಯಪ್ರಾಸ ಹಾಕುವುದು ಒಳ್ಳೆಯದು. ಬೊಗೊತಾದ ಹೊಸೆ ಅಸುನ್ಸಿಯೊನ್ ಸಿಲ್ವಾ (1865–1896) ಬರೆದ ಪ್ರಸಿದ್ಧ ರಾತ್ರಿಗೀತೆಯೂ ನಾಲ್ಕು ನಾಲ್ಕು ಅಕ್ಷರದ ತುಂಡುಗಳನ್ನು ಅಲೆ ಅಲೆಯಾಗಿ ಪೋಣಿಸಿದ್ದು. ಅದನ್ನು ರಗಳೆ ಓದುವ ಹಾಗೆ ಗಟ್ಟಿಯಾಗಿ ಓದಿಸಿದ್ದು ಸರಿಯಾದ ಕ್ರಮ. ಸಿಲ್ವಾರ ಮುಖ 5,000 ಪೆಸೊ ನೋಟಿನ ಮೇಲಿದೆ, ಅವರು ಬಾಳಿ ಸತ್ತ ಮನೆ 1986ರಿಂದ ಕವಿತೆಯ ಮನೆಯಾಗಿದೆ. ನಿತ್ಯ ಕೈ ಬದಲಾಯಿಸುವ ನೋಟಿನಲ್ಲಿ ಕವಿ ಇರುವ ದೇಶ ಎಂದು ಪಾಠ ಶುರುಮಾಡಿದ್ದರೆ ಇನ್ನೂ ಚೆನ್ನಾಗಿತ್ತು, ಇದನ್ನು ಕೊನೆಯ ಪುಟಕ್ಕೆ ತಳ್ಳಿದ್ದಾರೆ.

ಉಚ್ಚಾರದ ಲಿಪ್ಯಂತರದಲ್ಲಿ ಒಂದೇ ತಪ್ಪು ನೂರು ಕಡೆ ಇದೆ. ಸ್ಪ್ಯಾನಿಶಿನ ತ, ದ ಎರಡೂ ಹಲ್ಲಿನ ಅಕ್ಷರ, ನಮ್ಮ ತ, ದದ ಹಾಗೆಯೇ. ಇಂಗ್ಲಿಷಿನ ದಾರಿಯಲ್ಲಿ ಬಂದಿದ್ದರಿಂದ ಟ, ಡ ಆಗಿ ಕೂತಿವೆ. ತಿಂತೊ ‘ಟಿಂಟೋ’ ಆಗಿದೆ, ಮೆದೆಯೀನ್ ‘ಮೆಡೆಲಿನ್’ ಆಗಿದೆ. ಇಂಗ್ಲಿಷರಿಗೆ ಕಷ್ಟದ ಞ, ತ, ದ, ಬಿಗಿ ರಕಾರ ಎಲ್ಲ ಕನ್ನಡಿಗನ ನಾಲಿಗೆಗೆ ಸಹಜ. ಆ ಅನುಕೂಲವನ್ನು ಕೈಯಾರೆ ಬಿಟ್ಟುಕೊಡಬಾರದು.

ಅನುವಾದದ ದೊಡ್ಡ ಎಡವಟ್ಟು ಹವಾಮಾನದಲ್ಲಿ. ಕೊಲಂಬಿಯಾ ಸಮಭಾಜಕದ ಮೇಲಿನ ದೇಶ. ಅಲ್ಲಿ ಋತುವಿನ ಚಳಿ ಇಲ್ಲ, ಎತ್ತರದ ಚಳಿ ಇದೆ. ಕೆಳಗೆ ‘ಬಿಸಿ ನೆಲ’, ಮೇಲೆ ‘ತಣ್ಣನೆ ನೆಲ’, ವರ್ಷವಿಡೀ ಹಾಗೆಯೇ. ನಿಘಂಟಿನಲ್ಲಿ ‘ಇಂಬಿಯೆರ್ನೊ’ ಎಂದರೆ ಚಳಿಗಾಲ, ಆದರೆ ಕೊಲಂಬಿಯಾದವರು ಆ ಪದ ಬಳಸುವುದು ಮಳೆಗಾಲಕ್ಕೆ. ‘ಬೆರಾನೊ’ ಎಂದರೆ ಮಳೆಯಿಲ್ಲದ ದಿನಗಳು. ಇಂಬಿಯೆರ್ನೊದಲ್ಲಿ ರಸ್ತೆ ಕುಸಿದು ಊರು ತುಂಡಾಯಿತು ಎಂಬ ಸಾಲು ‘ಚಳಿಗಾಲದಲ್ಲಿ’ ಎಂದು ಬಂದರೆ ಓದುಗ ಹಿಮ ಕಲ್ಪಿಸಿಕೊಳ್ಳುತ್ತಾನೆ. ಗುಡ್ಡ ಕುಸಿದು ಘಟ್ಟದ ರಸ್ತೆ ಮುಚ್ಚುವುದನ್ನು ಕಂಡ ನಮಗೆ ‘ಮಳೆಗಾಲ’ ಎಂದಿದ್ದರೆ ಎದೆಗೇ ತಾಗುತ್ತಿತ್ತು. ಹಾಗೆಯೇ ‘ಪಾರಮೊ’ ಎಂಬುದು ‘ಬೀಳುಭೂಮಿ’ಯಾಗಿದೆ. ಅದು 3,000 ಮೀಟರಿಗೂ ಮೇಲಿನ ಮಂಜು ಕವಿದ ಹುಲ್ಲುಗಾಡು. ಫ್ರಾಯ್ಲೆಹೋನ್ ಎಂಬ ತುಪ್ಪಳದೆಲೆಯ ಗಿಡ ಮಂಜಿನಿಂದ ನೀರು ಹಿಡಿದು ನೆಲಕ್ಕಿಳಿಸುತ್ತದೆ, ಬೊಗೊತಾದ ನಲ್ಲಿಗೆ ಬರುವ ನೀರು ಹುಟ್ಟುವುದು ಅಲ್ಲಿ. ಪದ ಹಾಗೆಯೇ ಇಟ್ಟು ಒಂದು ಸಾಲು ವಿವರಣೆ ಕೊಡುವುದೇ ದಾರಿ. ಶೋಲಾ ಹುಲ್ಲುಗಾವಲಿನ ಹೋಲಿಕೆ ಕೊಟ್ಟರೂ ಅಡ್ಡಿಯಿಲ್ಲ, ಎತ್ತರ ಬೇರೆ ಎಂದು ಹೇಳಿ.

ಕಾಫಿಯ ವಿಷಯ. 15 ನಿಮಿಷದ ಬಿಡುವಿನಲ್ಲಿ ಕೊಡುವ ತಿಂತೊ ಮೊದಲ ಎರಡು ವಾರ ಕೆಟ್ಟಿತ್ತು, ಆಮೇಲೆ ಸುಧಾರಿಸಿತು. ಕಾರಣ ಚಿಕೋರಿ. ಪೇಟೆಯ ಫಿಲ್ಟರ್ ಪುಡಿಯಲ್ಲಿ ಚಿಕೋರಿ ಇರುತ್ತದೆ, ಪುಡಿಯೂ ಮೈದಾದಷ್ಟು ನುಣುಪು; ಹಾಲಿಲ್ಲದೆ ಕುಡಿದರೆ ಗಂಟಲಲ್ಲಿ ಕಹಿ ಅಂಟುತ್ತದೆ. ಅಂಗಡಿಯಲ್ಲಿ ಚಿಕೋರಿ ಬೇಡ, ಸ್ವಲ್ಪ ತರಿಯಾಗಿ ಬೀಸಿಕೊಡಿ ಎಂದು ಕೇಳಬೇಕು. ಹಳ್ಳಿಯ ಬಗೆಯ ತಿಂತೊಗೆ ಒಂದು ಲೀಟರ್ ನೀರಿಗೆ 80 ಗ್ರಾಂ ಬೆಲ್ಲ ಕರಗಿಸಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ 60 ಗ್ರಾಂ ಪುಡಿ ಹಾಕಿ, ಮುಚ್ಚಿ ಐದು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಬೇಕು. ಪುಡಿ ಹಾಕಿದ ಮೇಲೆ ಕುದಿಸಿದರೆ ಕಾಫಿ ಸತ್ತಂತೆ. ಲೋಟ ಚಿಕ್ಕದಿರಲಿ, 80 ಮಿಲಿಲೀಟರ್ ಸಾಕು.

ಬೆಲ್ಲಕ್ಕೆ ಅಲ್ಲಿ ‘ಪನೇಲಾ’. ಆಲೆಮನೆಗೆ ‘ತ್ರಪೀಚೆ’. ಬೆಲ್ಲ ಮಾಡುವುದರಲ್ಲಿ ಭಾರತದ ನಂತರದ ಸ್ಥಾನ ಕೊಲಂಬಿಯಾದ್ದೇ. ಬೆಲ್ಲದ ನೀರು ಕಾಯಿಸಿ ಕೊಡುವ ‘ಆಗ್ವಾಪನೇಲಾ’ ಬಡವರ ಊಟ, ಜ್ವರದ ಮದ್ದು, ಬಂದವರಿಗೆ ಮೊದಲು ಕೊಡುವ ಪಾನ ಎಲ್ಲವೂ. ‘ಆಸರಿಗೆ ಎಂತಾರೂ ಬೇಕಾ’ ಎಂದು ಕೇಳಿ ಬೆಲ್ಲ ನೀರು ತಂದಿಡುವ ಮನೆಗಳಲ್ಲಿ ಬೆಳೆದವರಿಗೆ ಶಿಕ್ಷಕಿ ತನ್ನ ಅಡುಗೆಮನೆಯ ಪನೇಲಾ ಅಚ್ಚನ್ನು ಪರದೆಗೆ ಹಿಡಿದು ತೋರಿಸಿದ್ದು ಬೇರೆ ಪರಿಚಯ ಬೇಡದಂತೆ ಮಾಡಿತು. ಇದಕ್ಕೆ ಜೋನಿಬೆಲ್ಲ ಬಳಸಬೇಡಿ, ಉಪ್ಪಿನಂಶ ಎದ್ದು ಕಾಣುತ್ತದೆ. ಗಟ್ಟಿ ಬೆಲ್ಲವೇ ಸರಿ. ಹಾಲು ಬೇಕೆಂದರೆ ಬೆಲ್ಲದ ಪಾಕ ಆರಿದ ಮೇಲೆ ಬೆರೆಸಿ. ಕುದಿಯುವಾಗ ಹಾಕಿದರೆ ಬೆಲ್ಲದ ಹುಳಿಗೆ ಒಡೆಯುತ್ತದೆ.

ಕುರುಕಲಿಗೆ ಮಾಡಿದ್ದು ‘ಪತಕೋನ್’, ಎರಡು ಸಲ ಕರಿದ ಬಾಳೆಕಾಯಿ. ಅಚ್ಚ ಹಸಿರು ನೇಂದ್ರಕಾಯಿ ಬೇಕು, ಮೂರು ಸೆಂಟಿಮೀಟರ್ ತುಂಡು, ಮಧ್ಯಮ ಉರಿಯಲ್ಲಿ ನಾಲ್ಕು ನಿಮಿಷ, ತೆಗೆದು ಬಿಸಿ ಇರುವಾಗಲೇ ಎರಡು ತಟ್ಟೆಯ ನಡುವೆ ಒತ್ತಿ, ಉಪ್ಪುನೀರು ಚಿಮುಕಿಸಿ ಒರೆಸಿ, ಜೋರು ಉರಿಯಲ್ಲಿ ಇನ್ನೊಮ್ಮೆ. ಇಲ್ಲಿ ಪಲ್ಯದ ಸಣ್ಣ ಬಾಳೆಕಾಯಿ ತಂದು, ಆರಿದ ಮೇಲೆ ಒತ್ತಿದ್ದರಿಂದ ಎಲ್ಲ ಚೂರಾಯಿತು.

ನಾಲ್ಕನೇ ವಾರ ಸಮುದ್ರದ್ದು. ಕಾರ್ತಾಹೇನಾದ ಲೂಯಿಸ್ ಕಾರ್ಲೊಸ್ ಲೋಪೆಸ್ ತನ್ನ ಊರಿನ ಮೇಲಿನ ಪ್ರೀತಿಯನ್ನು ಹಳೇ ಬೂಟುಜೋಡಿನ ಮೇಲಿನ ಪ್ರೀತಿಗೆ ಹೋಲಿಸಿದ ಕವಿ. ಆ ಊರು ಅದನ್ನು ಅವಮಾನ ಎಂದುಕೊಳ್ಳದೆ ಕೋಟೆಯ ಬಳಿ ಜೋಡಿನದೇ ಸ್ಮಾರಕ ನಿಲ್ಲಿಸಿದೆ. ಬರ್ರಾಂಕೀಯಾದ ಮೇಯ್ರಾ ದೆಲ್ಮಾರ್ (1922–2009) ಲೆಬನಾನಿನಿಂದ ಬಂದವರ ಮಗಳು, ಆ ಊರಿನ ಗ್ರಂಥಾಲಯ ಈಗ ಅವರ ಹೆಸರಿನಲ್ಲಿದೆ. ಇಬ್ಬರನ್ನೂ ಒಂದೇ ಸಂಜೆಗೆ ತುರುಕಿದ್ದರಿಂದ ಮೇಯ್ರಾಗೆ ಅನ್ಯಾಯವಾಗಿದೆ. ಕಾರವಾರದಿಂದ ಬರುವವರು ಈ ವಾರಕ್ಕಾಗಿಯೇ ಬರುವವರು ಎಂಬುದನ್ನು ಆಯೋಜಕರು ಗಮನಿಸಲಿ.

ಐದನೇ ವಾರ ಕಷ್ಟದ್ದು. ಮರಿಯಾ ಮೆರ್ಸೆದೆಸ್ ಕರ್ರಾನ್ಸಾ (1945–2003) ಬರೆದ 24 ಪುಟ್ಟ ಕವಿತೆಗಳು. ಒಂದೊಂದಕ್ಕೂ ಹತ್ಯಾಕಾಂಡ ನಡೆದ ಒಂದೊಂದು ಊರಿನ ಹೆಸರು. ಆ ಹೆಸರುಗಳನ್ನು ಗೋಡೆಯ ಭೂಪಟದ ಮೇಲೆ ಗುರುತಿಸುತ್ತ, ಪ್ರತಿ ಕವಿತೆಯ ನಂತರ ಅರ್ಧ ನಿಮಿಷ ಸುಮ್ಮನಿದ್ದು ಓದಿಸುತ್ತಾರೆ. ಅನುವಾದ ಇಲ್ಲಿ ಚೆನ್ನಾಗಿದೆ, ಪದ ಕಡಿಮೆ ಇರುವುದರಿಂದ ಕೆಡಲು ಎಡೆಯಿಲ್ಲ. ಚರ್ಚೆ ಮಾತ್ರ ಬೇಗ ನಮ್ಮ ಜಿಲ್ಲೆಯ ಅಣೆಕಟ್ಟು, ಸೀಬರ್ಡ್ ನೌಕಾನೆಲೆಯ ನಿರಾಶ್ರಿತರ ಕಡೆಗೆ ತಿರುಗಿತು. ಮನೆ ಬಿಟ್ಟವರ ನೋವು ಎಲ್ಲಿಯದಾದರೂ ನೋವೇ. ಆದರೆ ಕೊಲಂಬಿಯಾದಲ್ಲಿ ಬಂದೂಕಿನ ಭಯಕ್ಕೆ ಊರು ಬಿಟ್ಟವರೆಂದು ಸರ್ಕಾರದ ದಾಖಲೆಗೆ ಸೇರಿದವರೇ 80 ಲಕ್ಷಕ್ಕೂ ಹೆಚ್ಚು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಎರಡಕ್ಕೂ ನ್ಯಾಯವಾಗುವುದಿಲ್ಲ. ನಡೆಸುವವರು ಇಲ್ಲಿ ಹಗ್ಗ ಸ್ವಲ್ಪ ಬಿಗಿ ಹಿಡಿಯಬೇಕು. ಹಿಂಸೆಯ ಉತ್ತುಂಗದಲ್ಲೇ, 1991ರಲ್ಲಿ, ಮೆದೆಯೀನಿನಲ್ಲಿ ಅಂತರರಾಷ್ಟ್ರೀಯ ಕವಿತೆ ಉತ್ಸವ ಶುರುವಾದ ಸಂಗತಿಯನ್ನು ಇದೇ ವಾರ ಹೇಳಿದ್ದು ಸೂಕ್ತವಾಗಿತ್ತು. ಬಾಂಬು ಸಿಡಿಯುತ್ತಿದ್ದ ಊರಿನಲ್ಲಿ ಜನ ಬೆಟ್ಟದ ಬಯಲು ರಂಗಮಂದಿರಕ್ಕೆ ಹತ್ತಿ ಕವಿತೆ ಕೇಳಿದರು. ಆ ಉತ್ಸವಕ್ಕೆ 2006ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಕೊನೆಯ ವಾರ ಸ್ಪ್ಯಾನಿಶ್ ಅಲ್ಲದ ಕೊಲಂಬಿಯಾ. 1991ರ ಸಂವಿಧಾನ ಮೂಲನಿವಾಸಿಗಳ ಭಾಷೆಗಳಿಗೆ ಆಯಾ ಪ್ರದೇಶದಲ್ಲಿ ಅಧಿಕೃತ ಸ್ಥಾನ ಕೊಟ್ಟಿದೆ. ಸಿಬುಂದೊಯ್ ಕಣಿವೆಯ ಊಗೊ ಹಾಮಿಯೊಯ್ ಕಾಮೆಂತ್ಸಾ ಭಾಷೆಯಲ್ಲೂ ಸ್ಪ್ಯಾನಿಶಿನಲ್ಲೂ ಬರೆಯುವ ಕವಿ. ಆ ಭಾಷೆಗೆ ಜಗತ್ತಿನಲ್ಲಿ ಬೇರೆ ನೆಂಟಭಾಷೆ ಇಲ್ಲ. ತಪ್ಪಿಸಿಕೊಂಡ ಗುಲಾಮರು ಕಟ್ಟಿದ ಪಲೆಂಕೆ ದೆ ಸಾನ್ ಬಸೀಲಿಯೊ ಊರಿನಲ್ಲಿ ಕಾಂಗೊ ಕಡೆಯ ಪದಗಳಿರುವ ಬೆರಕೆ ಭಾಷೆ ಇನ್ನೂ ಬದುಕಿದೆ. ಈ ವಾರ ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಇಬ್ಬರು ದಮಾಮಿ ನುಡಿಸಲು ಬಂದಿದ್ದರು. ಅವರನ್ನು ವಾದ್ಯಕ್ಕೆ ಮಾತ್ರ ಕರೆದು ಮಾತಿಗೆ ಹತ್ತು ನಿಮಿಷ ಉಳಿಸಿದ್ದು ಸರಣಿಯ ದೊಡ್ಡ ಲೋಪ. ಕಾರ್ತಾಹೇನಾದವರು ಅವರನ್ನು ಕೇಳಿದ ಮೊದಲ ಪ್ರಶ್ನೆಯೇ ‘ನಿಮ್ಮ ಅಜ್ಜಂದಿರ ಭಾಷೆಯ ಪದ ಏನಾದರೂ ಉಳಿದಿದೆಯೇ’ ಎಂದು. ಉತ್ತರ ಅರ್ಧಕ್ಕೆ ಬಂದಾಗ ಸಮಯ ಮುಗಿಯಿತು. ಮುಂದಿನ ಸಲ ಇಡೀ ಸಂಜೆ ಅವರಿಗೇ ಕೊಡಿ.

ವ್ಯವಸ್ಥೆಯ ಬಗ್ಗೆ: ಕೂಟ ಸಂಜೆ 4:30ಕ್ಕೆ ಶುರು, ವಿಡಿಯೊ 6:15ಕ್ಕೆ. ಆಗ ಬೊಗೊತಾದಲ್ಲಿ ಬೆಳಗಿನ 7:45. ಹತ್ತೂವರೆ ಗಂಟೆಯ ಅಂತರ ವರ್ಷವಿಡೀ ಒಂದೇ. ಮಳೆಗಾಲದಲ್ಲಿ ಕರೆಂಟು ಹೋದರೆ ಮೋಡೆಮ್ಮಿಗೂ ಇನ್ವರ್ಟರ್ ಸಂಪರ್ಕ ಇರಬೇಕು, ಇಲ್ಲಿ ಇಲ್ಲ. ಎರಡು ವಾರ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಚಿತ್ರ ಬಿಟ್ಟು ಬರೀ ದನಿಯಲ್ಲಿ ನಡೆಯಿತು. ದನಿ ಮಾತ್ರ ಸಾಕು ಎನ್ನುವುದೂ ಅದರಿಂದ ತಿಳಿಯಿತು. ಮಾತು ಇಂಗ್ಲಿಷಿಗೆ ತಿರುಗಿಸುವವರೊಬ್ಬರು ಇದ್ದಾರೆ. ಅವರಿಗೆ ‘ಉಸ್ತೆದ್ ಅಂದರೋ ತೂ ಅಂದರೋ’ ಎಂದು ಕೇಳುತ್ತಲೇ ಇರಿ, ಬೇಸರಿಸುವುದಿಲ್ಲ. ದೇವಿಮನೆ ಘಟ್ಟ ಇಳಿದು ಕುಮಟಾ ಕಡೆ ಹೋಗುವವರು ವಾಹನ ಹೊಂದಿಸಿಕೊಂಡೇ ಬನ್ನಿ, 7:30 ಎಂದದ್ದು ಎಂಟಾಗುತ್ತದೆ. ಮೆಟ್ಟಿಲು ಕಡಿದು, ಮೊಣಕಾಲು ನೋವಿನವರಿಗೆ ಕಷ್ಟ.

ಸೇರುವವರು ಪುಸ್ತಿಕೆ ಕೈಗೆ ಬಂದ ದಿನವೇ ಒಂದು ಪೆನ್ಸಿಲ್ ಹಿಡಿಯಿರಿ. ‘ಚಳಿಗಾಲ’ ಇದ್ದಲ್ಲೆಲ್ಲ ‘ಮಳೆಗಾಲ’ ಮಾಡಿ, ‘ಬೀಳುಭೂಮಿ’ಯನ್ನು ‘ಪಾರಮೊ’ ಮಾಡಿ, ‘ಹೆಚ್ಚುವರಿ ಕೊಡುಗೆ’ ಹೊಡೆದು ‘ಕೊಸರು’ ಬರೆಯಿರಿ. ನೀನು–ನೀವು ಇರುವ ಕಡೆ ಮಾತ್ರ ಅಂಚಿನಲ್ಲಿ ಒಂದು ಗೆರೆ ಎಳೆದು ಖಾಲಿ ಬಿಡಿ. ಅದನ್ನು ಪರದೆಯ ಆ ಬದಿಯವರನ್ನು ಕೇಳಿಯೇ ತುಂಬಬೇಕು.